ತಂದೆಯವರಿಗೆ 78: ಆಪರೇಷನ್ ಮಾಡಿಸಬಹುದೇ?

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಂದೆಯವರಿಗೆ 78 ವರ್ಷ, ಪಿತ್ತಕೋಶದಲ್ಲಿ ಕಲ್ಲು. ಆರು ತಿಂಗಳಲ್ಲಿ ಎರಡು ಸಲ ಹೊಟ್ಟೆನೋವೆಂದು ಆಸ್ಪತ್ರೆ ಸೇರಿ ಮನೆಗೆ ಮರಳಿದ್ದಾರೆ. ಪಿತ್ತಕೋಶ ತೆಗೆಸಿಬಿಡಿ ಎಂದು ಸರ್ಜನ್ ಹೇಳಿದ್ದಾರೆ. ನಿಮ್ಮ ಅಣ್ಣ ಒಪ್ಪಿದ್ದಾರೆ, ಚಿಕ್ಕಪ್ಪ ‘ಈ ವಯಸ್ಸಿನಲ್ಲಿ ಹೊಟ್ಟೆ ಕೊಯ್ಸೋದಾ?’ ಎಂದು ತಡೆದಿದ್ದಾರೆ. ಎಷ್ಟು ವಯಸ್ಸಿನವರೆಗೆ ಆಪರೇಷನ್ ಸುರಕ್ಷಿತ ಎಂದು ಕೇಳಿದ್ದೀರಿ.

ಅಂಥದೊಂದು ವಯಸ್ಸು ಇಲ್ಲ. ವರ್ಷ ಏರಿದಂತೆ ಅಪಾಯವೂ ಏರುವುದು ನಿಜ. ಆದರೆ ವರ್ಷಕ್ಕಿಂತ ಮುಖ್ಯವಾದದ್ದು ಮೈಯಲ್ಲಿ ಉಳಿದಿರುವ ಕಸುವು. 85ರಲ್ಲೂ ತಾವೇ ಮೆಟ್ಟಿಲು ಹತ್ತಿಳಿಯುವವರು, 68ಕ್ಕೇ ಕುರ್ಚಿಯಿಂದೇಳಲು ಆಸರೆ ಬೇಡುವವರಿಗಿಂತ ಚೆನ್ನಾಗಿ ಚೇತರಿಸಿಕೊಳ್ಳಬಲ್ಲರು. ಈ ಕಸುವನ್ನು ಅಳೆಯಲು ಅಮೆರಿಕದ ವೈದ್ಯೆ ಲಿಂಡಾ ಫ್ರೈಡ್ ಮತ್ತು ಸಂಗಡಿಗರು 2001ರಲ್ಲಿ ಐದು ಗುರುತು ಹೇಳಿದರು: ತಾನಾಗಿ ತೂಕ ಇಳಿಯುವುದು, ಸದಾ ಸುಸ್ತು, ಮುಷ್ಟಿಯಲ್ಲಿ ಬಿಗಿಯಿಲ್ಲದಿರುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಮೂರು ಅಥವಾ ಹೆಚ್ಚು ಕಂಡರೆ ಮೈ ಸೋತಿದೆ ಎಂದರ್ಥ. ತಂದೆಯವರಲ್ಲಿ ಎಷ್ಟಿವೆ ಎಂದು ನೋಡಿ, ಸರ್ಜನ್‌ಗೆ ಹೇಳಿ.

ಚಿಕ್ಕಪ್ಪನವರ ಭಯ ಅರ್ಥವಾಗುತ್ತದೆ. ಆದರೆ ಆಪರೇಷನ್ ಬೇಡವೆಂದರೆ ಕಲ್ಲು ಸುಮ್ಮನಿರುತ್ತದೆಯೇ? ಎಂದೂ ನೋವು ಕೊಡದ ಕಲ್ಲನ್ನು ವೈದ್ಯರೇ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎರಡು ಸಲ ಆಸ್ಪತ್ರೆಗೆ ಅಟ್ಟಿದ ಕಲ್ಲು ಹಾಗಲ್ಲ. ಅದು ಪಿತ್ತನಾಳಕ್ಕೆ ಜಾರಿದರೆ ಕಾಮಾಲೆ ಬರಬಹುದು, ಮೇದೋಜೀರಕ ಗ್ರಂಥಿ ಊದಬಹುದು. ವಯಸ್ಸಾದವರಲ್ಲಿ ಹೊಟ್ಟೆಯೊಳಗಿನ ಸೋಂಕು ಎಷ್ಟೋ ಸಲ ಜ್ವರವನ್ನೂ ತೋರಿಸುವುದಿಲ್ಲ, ನೋವನ್ನೂ ಹೆಚ್ಚು ತೋರಿಸುವುದಿಲ್ಲ. ಊಟ ಬೇಡವೆನ್ನುತ್ತಾರೆ, ಮಂಕಾಗುತ್ತಾರೆ, ಅಷ್ಟೆ. ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಆಗ ಅಪರಾತ್ರಿಯಲ್ಲಿ, ಸಕ್ಕರೆ ಹತೋಟಿಯಲ್ಲಿಲ್ಲದೆ, ಮೈಯಲ್ಲಿ ನೀರಿನಂಶ ಬತ್ತಿ, ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವ ಇಳಿಯುವ ಮೊದಲೇ ಆಪರೇಷನ್ ಮಾಡಬೇಕಾಗಬಹುದು. ಅದೇ ಪಿತ್ತಕೋಶ, ಅದೇ ಸರ್ಜನ್; ಅಪಾಯ ಮಾತ್ರ ಹಲವು ಪಟ್ಟು. ಮೊದಲೇ ದಿನ ಗೊತ್ತುಮಾಡಿಕೊಂಡರೆ ಇದನ್ನೆಲ್ಲ ಸರಿಪಡಿಸಿಕೊಂಡು, ಲ್ಯಾಪರೋಸ್ಕೋಪಿಯಲ್ಲಿ ಕೆಲವು ಸಣ್ಣ ತೂತುಗಳಿಂದಲೇ ಮುಗಿಸಲು ಯತ್ನಿಸಬಹುದು. (ಎಲ್ಲ ಕಾಯಿಲೆಗೂ ಈ ಮಾತು ಹೊಂದುವುದಿಲ್ಲ. ಗಂಡಸರ ತೊಡೆಸಂದಿನ ಹರ್ನಿಯಾ ತೊಂದರೆ ಕೊಡದಿದ್ದರೆ ವೈದ್ಯರ ನಿಗಾದಲ್ಲಿ ಕಾಯಬಹುದು.)

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ಮನೆಯವರೆಲ್ಲ ಹೆದರುವುದು ಆಪರೇಷನ್ ಥಿಯೇಟರಿಗೆ. ನಾನು ಹೆಚ್ಚು ಹೆದರುವುದು ಅದರ ನಂತರದ ವಾರ್ಡಿನ ದಿನಗಳಿಗೆ. ನನ್ನ ತಾಯಿಗೆ ಕರುಳಿನ ಆಪರೇಷನ್ ಆದ ಎರಡನೇ ರಾತ್ರಿ, ಎಂದೋ ತೀರಿಕೊಂಡ ಅಕ್ಕನನ್ನು ಹೆಸರು ಹಿಡಿದು ಕರೆಯತೊಡಗಿದರು. ‘ವಯಸ್ಸಾಯ್ತಲ್ಲ, ಹಾಗೇ’ ಎಂದರು ವಾರ್ಡಿನವರು. ನಾವೂ ನಂಬಿದೆವು. ಮೂತ್ರದ ಸೋಂಕಿನಿಂದ ಬಂದ ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬುದ್ಧಿ ಗೊಂದಲಕ್ಕೀಡಾಗುವ ಸ್ಥಿತಿ, ಅದು ಎಂದು ತಿಳಿಯಲು ಇನ್ನೆರಡು ದಿನ ಹಿಡಿಯಿತು. ಅಮ್ಮನ ಕನ್ನಡಕ, ಕಿವಿಯ ಮೆಷಿನ್ ಎರಡೂ ಆ ಹೊತ್ತಿನಲ್ಲಿ ನನ್ನ ಚೀಲದಲ್ಲಿದ್ದವು. ಕಳೆದುಹೋದಾವೆಂದು ನಾನೇ ತೆಗೆದಿಟ್ಟಿದ್ದೆ. ಆ ಎರಡು ದಿನ ನನಗೆ ಇನ್ನೂ ಮರೆತಿಲ್ಲ.

ಡೆಲಿರಿಯಂ ಎಂದರೆ ಬಡಬಡಿಸುವುದು, ಸೂಜಿ ಕಿತ್ತೆಸೆಯುವುದು ಮಾತ್ರವಲ್ಲ. ಸುಮ್ಮನೆ ಮಂಪರಿನಲ್ಲಿ ಮಲಗಿರುವವರಲ್ಲೂ ಇರುತ್ತದೆ. ‘ಪಾಪ, ನಿದ್ದೆ ಬಂದಿದೆ’ ಎಂದು ನಾವು ಬಿಟ್ಟುಬಿಡುತ್ತೇವೆ. ಇದನ್ನು ಒಂದಷ್ಟು ತಡೆಯಬಹುದು. ಅಮೆರಿಕದ ವೈದ್ಯೆ ಶ್ಯಾರನ್ ಇನೂಯೆ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ದಾಟಿದ ರೋಗಿಗಳನ್ನು ಮಾತಾಡಿಸಿ, ನಡೆದಾಡಿಸಿ, ಕನ್ನಡಕ ಮತ್ತು ಶ್ರವಣಯಂತ್ರ ಹಾಕಿಸಿ, ನೀರು ಕುಡಿಸಿ, ಮಾತ್ರೆಯಿಲ್ಲದೆ ನಿದ್ದೆ ಬರುವಂತೆ ನೋಡಿಕೊಂಡರು. ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 15 ಜನರಿಗೆ ಡೆಲಿರಿಯಂ ಬಂದರೆ, ಇವರಲ್ಲಿ ಶೇ. 9.9 ಜನರಿಗೆ ಬಂತು. ಆ ರೋಗಿಗಳು ಆಪರೇಷನ್ ಆದವರಲ್ಲ, ಔಷಧ ಚಿಕಿತ್ಸೆಯ ವಾರ್ಡಿನವರು. ಆದರೂ ಸರ್ಜರಿ ವಾರ್ಡುಗಳಲ್ಲಿ ಇಂದು ಶಿಫಾರಸು ಮಾಡುವುದು ಇದೇ ದಾರಿಯನ್ನು.

ಹಾಸಿಗೆಯೂ ಹಾಗೆಯೇ. ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಮಲಗಿಸಿಟ್ಟು ನೋಡಿದಾಗ, ಕಾಲುಗಳಿಂದಲೇ ಸುಮಾರು 1 ಕಿಲೋ ಮಾಂಸಖಂಡ ಕರಗಿತ್ತು. ‘ವಿಶ್ರಾಂತಿ ತಗೊಳ್ಳಲಿ’ ಎಂದು ಪ್ರೀತಿಯಿಂದ ಮಲಗಿಸಬೇಡಿ. ವೈದ್ಯರು ಒಪ್ಪಿದ ಕೂಡಲೇ, ಸಾಧ್ಯವಾದರೆ ಆಪರೇಷನ್ ಆದ ದಿನವೇ, ಕೈಹಿಡಿದು ಎಬ್ಬಿಸಿ ಕೂರಿಸಿ.

ಸರ್ಜನ್‌ರನ್ನೂ ಅರಿವಳಿಕೆ ತಜ್ಞರನ್ನೂ ಕಂಡಾಗ ಕೇಳಿ: ಯಾವ ಮಾತ್ರೆ ಯಾವ ದಿನದಿಂದ ನಿಲ್ಲಿಸಬೇಕು? ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು? ಈಗ ಅನೇಕ ಕಡೆ 2 ಗಂಟೆ ಮುಂಚಿನವರೆಗೂ ಬಿಡುತ್ತಾರೆ. ಹಿಂದಿನ ರಾತ್ರಿಯಿಂದಲೇ ಬಾಯಿ ಒಣಗಿಸಿಕೊಂಡಿರಬೇಕಾಗಿಲ್ಲ. ರಾತ್ರಿ ಜೊತೆಗೆ ಮನೆಯವರೊಬ್ಬರು ಇರಬಹುದೇ?

ಇನ್ನೊಂದು. ನಿಮ್ಮ ಪತ್ರದಲ್ಲಿ ಅಣ್ಣನ ಮಾತಿದೆ, ಚಿಕ್ಕಪ್ಪನ ಮಾತಿದೆ, ಸರ್ಜನ್ ಮಾತಿದೆ. ತಂದೆಯವರು ಏನಂದರು? ಆಸ್ಪತ್ರೆಗೆ ಹೋಗುವ ಮುನ್ನ ಅವರ ಪಕ್ಕದಲ್ಲಿ ಕೂತು ಕೇಳಿ.