ಬೇರು ಕತ್ತರಿಸಬೇಕಾ, ಹಾಗೇ ನೆಡಬೇಕಾ?

ಪ್ರಶ್ನೆ: ನಮ್ಮ ಅಕ್ವೇರಿಯಂನಲ್ಲಿ ಅಮೆಜಾನ್ ಸ್ವೋರ್ಡ್ ಗಿಡ ದೊಡ್ಡದಾಗಿ ಬೆಳೆದು ಮುಂದಿನ ಗಾಜನ್ನೇ ಮುಚ್ಚಿಬಿಟ್ಟಿದೆ. ಕಿತ್ತು ಹಿಂದಕ್ಕೆ ನೆಡೋಣ ಅಂದ್ರೆ, ಬೇರು ಕತ್ತರಿಸಿ ಅಂತ ಒಬ್ಬರು, ಮುಟ್ಟಲೇಬೇಡಿ ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ಕತ್ತರಿಸಿ. ಕೀಳುವಾಗ ಉದ್ದ ಬೇರುಗಳ ತುದಿ ಹೇಗೂ ಹರಿದುಹೋಗಿರುತ್ತೆ. ಅಂಥ ಹಳೇ ಬೇರನ್ನು ಮುದ್ದೆ ಮಾಡಿ ಮರಳೊಳಗೆ ತುರುಕಿದರೆ ಅದರಲ್ಲಿ ಬಹಳಷ್ಟು ಅಲ್ಲೇ ಕೊಳೆಯುತ್ತೆ. ಹೊಸ ಬೇರು ಬುಡದಿಂದ ಬರುತ್ತೆ. ಹಾಗಾಗಿ ನಾಲ್ಕೈದು ಸೆಂಟಿಮೀಟರ್ ಉಳಿಸಿ ಮಿಕ್ಕಿದ್ದನ್ನು ಹರಿತವಾದ ಕತ್ತರಿಯಿಂದ ತೆಗೆಯಿರಿ. ಅಷ್ಟಾದರೂ ಇಲ್ಲದಿದ್ದರೆ ಗಿಡ ಮರಳು ಹಿಡಿಯದೆ ತೇಲಿಬಿಡುತ್ತೆ. ಕಂದು ಬಣ್ಣಕ್ಕೆ ತಿರುಗಿ ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವ ಬೇರನ್ನು ಮಾತ್ರ ಪೂರ್ತಿ ತೆಗೆದುಬಿಡಿ, ಬಿಳಿಯಾಗಿ ಗಟ್ಟಿಯಾಗಿರೋದು ಇರಲಿ.

ನನ್ನ ಕೇಳಿದರೆ, ಕತ್ತರಿಸುವುದಕ್ಕಿಂತ ಕೀಳುವುದೇ ಕಷ್ಟದ ಕೆಲಸ. ಸ್ವೋರ್ಡ್ ಬೇರು ತೊಟ್ಟಿಯ ತಳದಲ್ಲೆಲ್ಲ ಹರಡಿರುತ್ತೆ, ಒಂದೇ ಸಲ ಎಳೆದರೆ ಅಡಿಯ ಕೊಳೆಯೆಲ್ಲ ಮೇಲೆದ್ದು ನೀರು ಕೆಡುತ್ತೆ, ಪಕ್ಕದ ಗಿಡಗಳೂ ಜೊತೆಗೇ ಎದ್ದು ಬರುತ್ತವೆ. ಅದಕ್ಕೇ ಮೊದಲು ಬುಡದ ಸುತ್ತ ಚಾಕು ಇಳಿಸಿ ಬೇರು ಕೊಯ್ದು, ಆಮೇಲೆ ನಿಧಾನವಾಗಿ ಮೇಲೆತ್ತಿ. ಮರಳಲ್ಲಿ ಉಳಿದ ತುಂಡುಗಳ ಹಿಂದೆ ಬೀಳಬೇಡಿ. ಕೆಲಸ ಮುಗಿದ ಮೇಲೆ ಸ್ವಲ್ಪ ನೀರು ಬದಲಾಯಿಸಿ.

ನೆಡುವಾಗ ಚಿಮಟದಲ್ಲಿ ಬೇರಿನ ತುದಿ ಹಿಡಿದು ಸ್ವಲ್ಪ ಜಾಸ್ತಿನೇ ಆಳಕ್ಕೆ ಇಳಿಸಿ, ನಂತರ ಎಲೆ ಹುಟ್ಟುವ ಜಾಗ ಮರಳಿನಿಂದ ಮೇಲೆ ಕಾಣುವಷ್ಟು ಎಳೆಯಿರಿ. ಆ ಜಾಗ ಹೂತರೆ ಗಿಡ ಕೊಳೆಯುತ್ತೆ. ಹೊರಗಿನ ಹಳೇ ಎಲೆಗಳನ್ನೂ ಬುಡದವರೆಗೆ ಕತ್ತರಿಸಿ, ಬೇರು ಕಡಿಮೆಯಾದ ಗಿಡಕ್ಕೆ ಅಷ್ಟೊಂದು ಎಲೆ ಸಾಕೋದು ಕಷ್ಟ ಅಲ್ವಾ?

ಪ್ರಶ್ನೆ: ಅನುಬಿಯಾಸ್, ಕ್ರಿಪ್ಟೊಕೊರೈನ್ ಗಿಡಗಳಿಗೂ ಇದೇನಾ?

ಉತ್ತರ: ಕ್ರಿಪ್ಟೊಕೊರೈನ್‌ಗೂ ಹೀಗೇ ಕತ್ತರಿಸಬಹುದು, ಆದರೆ ಜಾಗ ಬದಲಾದರೆ ಅದರ ಎಲೆಗಳು ಕರಗಿ ಲೋಳೆಯಾಗಬಹುದು. ಸತ್ತೇಹೋಯ್ತು ಅಂತ ಸುಮ್ನೆ ಕಿತ್ತು ಎಸೆಯಬೇಡಿ. ಬುಡ ಗಟ್ಟಿಯಾಗಿದ್ದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತೆ. ಪದೇಪದೇ ಜಾಗ ಬದಲಾಯಿಸುವುದು ಮಾತ್ರ ಅದಕ್ಕೆ ಆಗಿಬರಲ್ಲ. ಅನುಬಿಯಾಸ್‌ನ ಬೇರು ಎಷ್ಟು ಬೇಕಾದರೂ ಚಿಕ್ಕದು ಮಾಡಿ. ಅಡ್ಡಕ್ಕೆ ಬೆಳೆಯುವ ಅದರ ದಪ್ಪ ಕಾಂಡವನ್ನು ಮಾತ್ರ ಹೂಳದೆ, ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿಬಿಡಿ.