ಆಂಟಿಬಯೋಟಿಕ್ ಗುಂಪುಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ? ವಾರ್ಡಿನಲ್ಲಿ ನರ್ಸ್ ನಿಜವಾಗಿ ಏನು ನೋಡಬೇಕು?

ಹಾವೇರಿ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೀನಿ ಅಂದಿದ್ದೀರಿ. ಆಂಟಿಬಯೋಟಿಕ್ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದ್ದೀರಿ. ಆದರೆ ವಾರ್ಡಿನಲ್ಲಿ ಇಂಜೆಕ್ಷನ್ ಟ್ರೇ ಕೈಗೆ ಬಂದ ಕೂಡಲೇ ತಲೆ ಖಾಲಿಯಾಗುತ್ತದೆ, ಯಾವ ಗುಂಪಿಗೆ ಏನು ಗಮನಿಸಬೇಕು ಎಂಬುದು ನಿಮ್ಮ ಪ್ರಶ್ನೆ. ನಾನು ಬೆಂಗಳೂರಿನಲ್ಲೇ 14 ವರ್ಷದಿಂದ ಸ್ಟಾಫ್ ನರ್ಸ್. ಮೊದಲು ಮೆಡಿಕಲ್ ವಾರ್ಡ್, ಈಗ ಐಸಿಯು. ಹತ್ತನೇ ಕ್ಲಾಸಿನವರೆಗೆ ನಾನೂ ಕನ್ನಡ ಮೀಡಿಯಂ. ನಿಮ್ಮ ಕಷ್ಟ ಚೆನ್ನಾಗಿ ಗೊತ್ತು.

ಪಟ್ಟಿ ಮಾಡಿ ಓದಬೇಡಿ. ಒಂದೊಂದು ಗುಂಪಿಗೂ ಒಂದು ಪ್ರಶ್ನೆ ಜೋಡಿಸಿಕೊಳ್ಳಿ. ಸಿರಿಂಜ್ ಕೈಯಲ್ಲಿದ್ದಾಗ ಆ ಪ್ರಶ್ನೆ ನೆನಪಾದರೆ ಉತ್ತರ ತಾನಾಗಿ ಬರುತ್ತದೆ. ಬರೆಯುವವರು ಡಾಕ್ಟರು, ಕಳಿಸುವವರು ಫಾರ್ಮಸಿಯವರು. ಪೇಷಂಟ್ ಮೈಗೆ ಹೋಗುವ ಮುಂಚೆ ಕೊನೆಯದಾಗಿ ನೋಡುವುದು ನಾವೇ ಅಲ್ವಾ.

ಮೊದಲು ಪೆನಿಸಿಲಿನ್ ಕುಟುಂಬ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಬೂಷ್ಟಿನಲ್ಲಿ ಕಂಡುಕೊಂಡದ್ದು ಇದನ್ನೇ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ನಾವು ಪಿಪ್ಟಾಜ್ ಅನ್ನುವ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಎಲ್ಲ ಇದಕ್ಕೇ ಸೇರಿದವು. ಸೆಫ್ಟ್ರಿಯಾಕ್ಸೋನ್, ಸೆಫಿಕ್ಸಿಮ್‌ನಂಥ ಸೆಫಲೋಸ್ಪೋರಿನ್‌ಗಳು ಮತ್ತು ಮೆರೋಪೆನೆಮ್ ಇವಕ್ಕೆ ದಾಯಾದಿಗಳು. ಎಲ್ಲವೂ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ನಿಲ್ಲಿಸುತ್ತವೆ. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲ. ಅದಕ್ಕೇ ಇವು ನಮಗೆ ಅಷ್ಟಾಗಿ ವಿಷವಲ್ಲ. ತೊಂದರೆ ಬರುವುದು ಹೆಚ್ಚಾಗಿ ಅಲರ್ಜಿಯಿಂದ.

ಇಲ್ಲಿ ನಮ್ಮ ಪ್ರಶ್ನೆ "ಅಲರ್ಜಿ ಇದೆಯಾ?" ಅದನ್ನು ಕೇಳುವ ರೀತಿಯೇ ಮುಖ್ಯ. ಒಂದು ರಾತ್ರಿ ನ್ಯುಮೋನಿಯಾ ಆದ ಅಜ್ಜಿಯೊಬ್ಬರು ಅಡ್ಮಿಟ್ ಆದರು. ಕೇಸ್ ಶೀಟಿನಲ್ಲಿ "ಅಲರ್ಜಿ ಇಲ್ಲ" ಎಂದಿತ್ತು. ನಾನು ಕೇಳಿದಾಗಲೂ "ಏನಿಲ್ಲಮ್ಮ" ಅಂದರು. ಪಿಪ್ಟಾಜ್ ಕರಗಿಸುತ್ತಿದ್ದೆ. ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ ಕೇಳಿದಳು, "ಸಿಸ್ಟರ್, ನಮ್ಮತ್ತೆಗೆ ಹಲ್ಲು ಕೀಳಿಸಿದಾಗ ಕೊಟ್ಟ ಕ್ಯಾಪ್ಸೂಲ್‌ನಿಂದ ಮುಖ ಎಲ್ಲ ಊದಿತ್ತು. ಅದನ್ನೂ ಹೇಳಬೇಕಾ?" ಹಳೇ ಚೀಟಿ ತರಿಸಿ ನೋಡಿದರೆ ಅಮಾಕ್ಸಿಸಿಲಿನ್. ಡ್ಯೂಟಿ ಡಾಕ್ಟರಿಗೆ ಹೇಳಿದೆ, ಔಷಧಿ ಬದಲಾಯಿತು. ಆ ಸೊಸೆ ಬಾಯಿ ಬಿಡದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ.

ಅದಾದ ಮೇಲೆ "ಅಲರ್ಜಿ ಇದೆಯಾ" ಎಂದಷ್ಟೇ ಕೇಳಿ ಬಿಡುವುದನ್ನು ನಿಲ್ಲಿಸಿದೆ. "ಯಾವುದಾದರೂ ಮಾತ್ರೆ, ಇಂಜೆಕ್ಷನ್ ತಗೊಂಡಾಗ ಮೈ ಕೆರೆತ ಬಂದಿತ್ತಾ? ದದ್ದು ಎದ್ದಿತ್ತಾ? ಮುಖ, ತುಟಿ ಊದಿತ್ತಾ? ಉಸಿರು ಕಟ್ಟಿತ್ತಾ?" ಎಂದು ಬಿಡಿಬಿಡಿಯಾಗಿ ಕೇಳುತ್ತೇನೆ. ಪೇಷಂಟ್‌ಗೆ ತಮಿಳೋ ಉರ್ದುವೋ ಮಾತ್ರ ಬಂದರೆ ಆ ಭಾಷೆ ಗೊತ್ತಿರುವ ಒಬ್ಬರನ್ನು ಕರೆದು ಕೇಳಿಸಿ. ಬೆಂಗಳೂರಿನ ವಾರ್ಡಿನಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಇನ್ನೊಂದು ಮಾತು. ನಮ್ಮ ಜನ "ಆ ಔಷಧಿ ಉಷ್ಣ ಆಗುತ್ತೆ" ಅನ್ನುತ್ತಾರೆ. ಅದರ ಅರ್ಥ ಬಾಯಿಹುಣ್ಣೂ ಇರಬಹುದು, ಭೇದಿಯೂ ಇರಬಹುದು, ಮೈತುಂಬ ದದ್ದೂ ಇರಬಹುದು. "ಉಷ್ಣ ಅಂದ್ರೆ ಏನಾಯ್ತು?" ಎಂದು ಕೇಳದೆ ಮುಂದೆ ಹೋಗಬೇಡಿ.

ಪೆನಿಸಿಲಿನ್ ಅಲರ್ಜಿ ಇರುವವರಲ್ಲಿ ಶೇ. 10 ಜನಕ್ಕೆ ಸೆಫಲೋಸ್ಪೋರಿನ್ ಕೂಡ ಆಗುವುದಿಲ್ಲ ಎಂದು ಹಳೇ ಪುಸ್ತಕಗಳಲ್ಲಿರುತ್ತದೆ. ಈಗ ಅದು ತುಂಬಾ ಕಡಿಮೆ ಎಂದು ಗೊತ್ತಾಗಿದೆ. ಹಾಗಂತ ಕೊಡುವುದೋ ಬಿಡುವುದೋ ನಮ್ಮ ತೀರ್ಮಾನವಲ್ಲ. ಡಾಕ್ಟರಿಗೆ ತಿಳಿಸುವುದು ನಮ್ಮ ಕೆಲಸ. ಟೆಸ್ಟ್ ಡೋಸ್ ವಿಷಯದಲ್ಲೂ ಮೋಸ ಹೋಗಬೇಡಿ. ಚರ್ಮದೊಳಗೆ ಚೂರು ಸೆಫ್ಟ್ರಿಯಾಕ್ಸೋನ್ ಕೊಟ್ಟು ಗುಳ್ಳೆ ಬರಲಿಲ್ಲ ಅಂದರೆ ಪೂರ್ತಿ ಡೋಸ್ ಸೇಫ್ ಎಂದು ಅರ್ಥವಲ್ಲ. ಮೊದಲ ಡೋಸ್ ಹಾಕಿದ ಮೇಲೆ ಅರ್ಧ ಗಂಟೆ ಆ ಬೆಡ್ ಮೇಲೆ ಕಣ್ಣಿರಲಿ. ಉಸಿರಾಟದ ತೊಂದರೆ, ಬಿಪಿ ಬೀಳುವುದು ಕಂಡರೆ ಔಷಧಿ ನಿಲ್ಲಿಸಿ, ಮಲಗಿಸಿ, ಕೂಗಿ ಜನ ಕರೆಯಿರಿ. ಇದು ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಅಲರ್ಜಿ. ಅದಕ್ಕೆ ಮೊದಲ ಔಷಧಿ ಅಡ್ರಿನಲಿನ್. ದೊಡ್ಡವರಿಗೆ 0.5 ಮಿ.ಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ. ಅಲರ್ಜಿ ಇಳಿಸುವ ಅವಿಲ್, ಹೈಡ್ರೋಕಾರ್ಟಿಸೋನ್ ಎಲ್ಲ ಆಮೇಲೆ. ಅಡ್ರಿನಲಿನ್ ಎಲ್ಲಿದೆ ಎಂದು ಡ್ಯೂಟಿಗೆ ಬಂದ ತಕ್ಷಣ ನೋಡಿಟ್ಟುಕೊಳ್ಳಿ.

ಇದೇ ಕುಟುಂಬಕ್ಕೆ ಇನ್ನೊಂದು ಪ್ರಶ್ನೆಯಿದೆ: "ಟೈಮಿಗೆ ಸರಿಯಾಗಿ ಹೋಯಿತಾ?" ಇವು ಕೆಲಸ ಮಾಡಬೇಕಾದರೆ ರಕ್ತದಲ್ಲಿ ಔಷಧಿಯ ಮಟ್ಟ ಸಾಕಷ್ಟು ಹೊತ್ತು ಬ್ಯಾಕ್ಟೀರಿಯಾವನ್ನು ತಡೆಯುವಷ್ಟು ಇರಬೇಕು. ಪಿಪ್ಟಾಜ್ ಆರು ಗಂಟೆಗೊಮ್ಮೆ ಎಂದು ಬರೆದಿದ್ದು, ಡ್ಯೂಟಿ ಬದಲಾಗುವಾಗ ಓವರ್ ತಗೊಳ್ಳುವ ಗಡಿಬಿಡಿಯಲ್ಲಿ ಎರಡು ಗಂಟೆ ತಡವಾದರೆ ಆ ಎರಡು ಗಂಟೆ ರೋಗಾಣುವಿಗೆ ಬಿಡುವು ಕೊಟ್ಟಂತೆ. ಸ್ಕ್ಯಾನಿಂಗಿಗೆ ಹೋದ ಪೇಷಂಟ್ ವಾಪಸ್ ಬಂದಾಗ ಡೋಸ್ ತಪ್ಪಿದೆಯಾ ಎಂದು ಚಾರ್ಟ್ ನೋಡಿ. ತಪ್ಪಿದ್ದರೆ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿ. ಕೊಡದೆ ಸಹಿ ಹಾಕುವುದಂತೂ ಎಂದಿಗೂ ಬೇಡ.

ಜೆಂಟಾಮೈಸಿನ್, ಅಮಿಕಾಸಿನ್ ಇದಕ್ಕೆ ಉಲ್ಟಾ. ಇವು ಅಮೈನೋಗ್ಲೈಕೋಸೈಡ್‌ಗಳು. ಒಂದೇ ಸಲ ಮಟ್ಟ ಜೋರಾಗಿ ಏರಿದರೆ ಚೆನ್ನಾಗಿ ಕೊಲ್ಲುತ್ತವೆ. ಅದಕ್ಕೇ ಬಹಳ ಸಲ ದಿನಕ್ಕೆ ಒಂದೇ ಡೋಸ್ ಬರೆದಿರುತ್ತಾರೆ. ಇಲ್ಲಿನ ಪ್ರಶ್ನೆ: "ಕಿಡ್ನಿ ಹೇಗಿದೆ, ಕಿವಿ ಹೇಗಿದೆ?" ಕಿಡ್ನಿ ಕೆಲಸ ತೋರಿಸುವ ರಕ್ತಪರೀಕ್ಷೆ ಕ್ರಿಯಾಟಿನಿನ್ ನೋಡಿ, ಮೂತ್ರ ಅಳೆದು ಬರೆಯಿರಿ. ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಾ, ಎದ್ದಾಗ ತಲೆ ತಿರುಗುತ್ತದೆಯಾ ಎಂದು ದಿನಾ ಕೇಳಿ. ವಯಸ್ಸಾದವರು "ವಯಸ್ಸಾಯ್ತಲ್ಲ ಬಿಡಿ" ಎಂದು ತಾವಾಗಿ ಹೇಳುವುದೇ ಇಲ್ಲ. ಹೋದ ಕಿವಿ ಎಷ್ಟೋ ಸಲ ವಾಪಸ್ ಬರುವುದಿಲ್ಲ.

ವ್ಯಾಂಕೊಮೈಸಿನ್ ಬಗ್ಗೆ ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿ ಎರಡನೇ ವರ್ಷ, ನೈಟ್ ಡ್ಯೂಟಿ. ಒಬ್ಬ ಪೇಷಂಟಿನ ವ್ಯಾಂಕೊಮೈಸಿನ್ ಡ್ರಿಪ್ ಹಿಂದೆ ಬಿದ್ದಿದೆ ಎಂದು, ಬೇಗ ಹೋಗಲಿ ಅಂತ ಸುಮ್ನೆ ರೋಲರ್ ಸಡಿಲ ಮಾಡಿದೆ. ಇಪ್ಪತ್ತು ನಿಮಿಷಕ್ಕೆ ಅವರ ಮುಖ, ಕುತ್ತಿಗೆ, ಎದೆ ಕೆಂಪು ಕೆಂಪು. ಕೆರೆದುಕೊಳ್ಳುತ್ತಿದ್ದರು, ಬಿಪಿ ಕೂಡ ಇಳಿದಿತ್ತು. ನಿಲ್ಲಿಸಿ ಡಾಕ್ಟರನ್ನು ಕರೆದೆ. ಅವಿಲ್ ಕೊಟ್ಟು, ಎಲ್ಲ ಸರಿಹೋದ ಮೇಲೆ ನಿಧಾನವಾಗಿ ಮತ್ತೆ ಶುರು ಮಾಡಿಸಿದರು. ಏನೂ ಆಗಲಿಲ್ಲ. ಅದು ನಿಜವಾದ ಅಲರ್ಜಿಯಲ್ಲ. ಬೇಗ ಹೋದಾಗ ಮೈಯಲ್ಲಿ ಹಿಸ್ಟಮಿನ್ ಬಿಡುಗಡೆಯಾಗಿ ಹಾಗಾಗುತ್ತದೆ. 1 ಗ್ರಾಂ ವ್ಯಾಂಕೊಮೈಸಿನ್ ಕನಿಷ್ಠ 60 ನಿಮಿಷ ಹೋಗಬೇಕು. 200 ಎಂ.ಎಲ್. ಸಲೈನಿನಲ್ಲಿ ಹಾಕಿದರೆ, ಎಂ.ಎಲ್.ಗೆ 20 ಹನಿ ಬೀಳುವ ಡ್ರಿಪ್ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 67 ಹನಿ. ಅದಕ್ಕಿಂತ ಜಾಸ್ತಿ ಬೇಡ. ಅಂದಿನಿಂದ ಶುರುವಾದ ಟೈಮ್, ಮುಗಿಯುವ ಟೈಮ್ ಎರಡನ್ನೂ ಬಾಟಲಿ ಮೇಲೆ ಬರೆಯುತ್ತೇನೆ. ಇದಕ್ಕೂ ಕ್ರಿಯಾಟಿನಿನ್ ಬೇಕು. ಟ್ರಫ್ ಲೆವೆಲ್ (ರಕ್ತದಲ್ಲಿ ಔಷಧಿಯ ಅತಿ ಕಡಿಮೆ ಮಟ್ಟ) ಬರೆದಿದ್ದರೆ ರಕ್ತ ತೆಗೆಯುವುದು ಮುಂದಿನ ಡೋಸ್ ಕೊಡುವ ಸ್ವಲ್ಪ ಮುಂಚೆ, ಕೊಟ್ಟ ಮೇಲಲ್ಲ.

ಒಂದೇ ಕ್ಯಾನುಲಾದಲ್ಲಿ ಎರಡು ಔಷಧಿ ಹೋಗುವಾಗ ಹುಷಾರು. ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಗರಣೆ ಕಟ್ಟುತ್ತದೆ. ರಿಂಗರ್ ಲ್ಯಾಕ್ಟೇಟ್ ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಇದೆ. ಅದರಲ್ಲಿ ಕರಗಿಸಬೇಡಿ, ಜೊತೆಜೊತೆಗೂ ಬಿಡಬೇಡಿ. 28 ದಿನದೊಳಗಿನ ಕೂಸಿಗೆ ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಹೋಗುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಕೊಡುವಂತೆಯೇ ಇಲ್ಲ. ಪೆನಿಸಿಲಿನ್ ಮತ್ತು ಜೆಂಟಾಮೈಸಿನ್ ಒಟ್ಟಿಗೆ ಬೆರೆಸಿದರೆ ಜೆಂಟಾ ಕೆಲಸಕ್ಕೆ ಬಾರದಂತಾಗುತ್ತದೆ. ನಡುವೆ ಸಲೈನ್ ಫ್ಲಶ್ ಮಾಡಿ.

ಮಾತ್ರೆಗಳ ಕಡೆ ಬಂದರೆ ಪ್ರಶ್ನೆ "ಯಾವುದರ ಜೊತೆ ನುಂಗುತ್ತಾರೆ?" ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಎರಡಕ್ಕೂ ಹಾಲು, ಐರನ್ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್ ಎಂದು ಕುಡಿಯುವ ಆಂಟಾಸಿಡ್ ಆಗದು. ಔಷಧಿ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಡಾಕ್ಸಿಯನ್ನು ಪೂರ್ತಿ ಲೋಟ ನೀರಿನ ಜೊತೆ ಕೊಟ್ಟು, ಅರ್ಧ ಗಂಟೆ ಕೂರಿಸಿ. ಗುಟುಕು ನೀರಲ್ಲಿ ನುಂಗಿ ಮಲಗಿದರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಬಸುರಿಯರಿಗೆ ಸಾಮಾನ್ಯವಾಗಿ ಡಾಕ್ಸಿ ಕೊಡುವುದಿಲ್ಲ, ಬರೆದಿದ್ದರೆ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಸಿಪ್ರೊ ತಗೊಳ್ಳುವವರು ಹಿಮ್ಮಡಿ ಹಿಂದೆ ನೋವು ಅಂದರೆ ಲಘುವಾಗಿ ತಗೊಳ್ಳಬೇಡಿ, ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಹರಿಯಬಹುದು. ಶುಗರ್ ಮಾತ್ರೆ ತಗೊಳ್ಳುವವರಿಗೆ ಸಕ್ಕರೆ ಇಳಿಯಬಹುದು. ಅಜಿತ್ರೊಮೈಸಿನ್‌ಗೆ ಇಸಿಜಿ ನೆನಪಿಡಿ, ಹೃದಯ ಬಡಿತದ ಲಯ ಕೆಡಬಹುದು. ಮೆಟ್ರೊನಿಡಜೋಲ್‌ಗೆ ಕುಡಿತ ಕೂಡದು, ಇದನ್ನು ಹೆಂಡತಿ ಮಕ್ಕಳ ಎದುರು ಕೇಳದೆ ಒಬ್ಬರೇ ಇದ್ದಾಗ ಕೇಳಿ. ಟಿಬಿಗೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣವಾಗುತ್ತದೆ. ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ನಿಲ್ಲಿಸಿಬಿಡುತ್ತಾರೆ. ಕೊಲಿಸ್ಟಿನ್ (ಕಿಡ್ನಿ ನೋಡಬೇಕು), ಲಿನೆಜೋಲಿಡ್ (ಪ್ಲೇಟ್‌ಲೆಟ್ ಇಳಿಯಬಹುದು) ನಿಮಗೆ ಐಸಿಯು ಪೋಸ್ಟಿಂಗ್‌ನಲ್ಲಿ ಸಿಗುತ್ತವೆ.

ಮೊದಲ ಡೋಸ್‌ಗಿಂತ ಮುಂಚೆ ಬ್ಲಡ್ ಕಲ್ಚರ್ (ರಕ್ತದಲ್ಲಿ ಯಾವ ರೋಗಾಣು ಇದೆ ಎಂದು ಬೆಳೆಸಿ ನೋಡುವ ಟೆಸ್ಟ್) ತೆಗೆಯಿರಿ. ದೊಡ್ಡವರಿಗೆ ಒಂದು ಬಾಟಲಿಗೆ 8ರಿಂದ 10 ಎಂ.ಎಲ್. ರಕ್ತ ಬೇಕು. ಚರ್ಮ ಒರೆಸಿದ ಮೇಲೆ ಒಣಗಲು ಬಿಡಿ. ಆದರೆ ಸೆಪ್ಟಿಕ್ ಶಾಕ್ (ಸೋಂಕು ಏರಿ ಬಿಪಿ ಬೀಳುವುದು) ಇದ್ದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಲೇಬೇಕು, ಕಲ್ಚರ್ ಸಿಗಲಿಲ್ಲ ಎಂದು ಕಾಯಬಾರದು. ಕಲ್ಚರ್ ತೆಗೆಯುವಾಗ "ಮನೇಲಿ ಏನಾದರೂ ತಗೊಂಡ್ರಾ?" ಎಂದೂ ಕೇಳಿ. ಪೀಣ್ಯ ಕಡೆಯ ಫ್ಯಾಕ್ಟರಿಗಳಲ್ಲಿ ದುಡಿಯುವವರಿಗೆ ಒಂದು ದಿನ ರಜೆ ಹಾಕಿದರೆ ಸಂಬಳ ಕಟ್. ಮೆಡಿಕಲ್ ಶಾಪಿನಲ್ಲಿ ಕೇಳಿ ಅರ್ಧ ಸ್ಟ್ರಿಪ್ ಅಜಿತ್ರೊ ನುಂಗಿ, ಜ್ವರ ಬಿಡದೆ ನಮ್ಮ ಹತ್ತಿರ ಬರುತ್ತಾರೆ. ಆಗ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು. ಅವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ. ಚೀಟಿ ಇಲ್ಲದೆ ಆಂಟಿಬಯೋಟಿಕ್ ಮಾರುವಂತಿಲ್ಲ. ಹಲವು ಆಂಟಿಬಯೋಟಿಕ್‌ಗಳನ್ನು 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಎಂಬ ಬಿಗಿ ನಿಯಮದ ಪಟ್ಟಿಗೆ ಸೇರಿಸಿದ್ದಾರೆ. ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕಡಿಮೆ ಡೋಸ್ ತಗೊಂಡರೆ ರೋಗಾಣು ಔಷಧಿಗೆ ಬಗ್ಗದಂತಾಗುತ್ತದೆ ಎಂದು ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು. ಐಸಿಯುನಲ್ಲಿ ನಾನು ಅದನ್ನು ಕಣ್ಣಾರೆ ನೋಡುತ್ತಿದ್ದೇನೆ. ಕಲ್ಚರ್ ರಿಪೋರ್ಟ್‌ನಲ್ಲಿ ಸಾಲಾಗಿ "ಆರ್" (ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ರೋಗಾಣು ಬಗ್ಗದು) ಎಂದು ಬಂದಾಗ ಮನೆಯವರಿಗೆ ಹೇಳಲು ಮಾತೇ ಹೊರಡುವುದಿಲ್ಲ.

ಡಿಸ್ಚಾರ್ಜ್ ದಿನ ಐದು ನಿಮಿಷ ಕೂತು ಮಾತಾಡಿ. ಓದು ಬಾರದವರಿಗೆ ಮಾತ್ರೆ ಕವರಿನ ಮೇಲೆ ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು ಕೊಡುತ್ತೇನೆ. ಎಷ್ಟು ದಿನ ಎಂದು ಅಷ್ಟೇ ಗೆರೆ ಎಳೆಯುತ್ತೇನೆ, ದಿನಕ್ಕೊಂದು ಗೆರೆ ಹೊಡೆದು ಹಾಕಲು. ಆಮೇಲೆ "ಈಗ ನೀವು ಹೇಳಿ, ಹೇಗೆ ತಗೊಳ್ತೀರಿ?" ಎಂದು ಅವರ ಬಾಯಲ್ಲೇ ಹೇಳಿಸಿ.