ಭಾರದ ಪೆಲೆಟ್‌ಗೆ ಪವರ್ ಏರಿಸಬೇಕಾ?

0.55 ಗ್ರಾಂ ಪೆಲೆಟ್ (ಏರ್ ರೈಫಲ್‌ನ ಚಿಕ್ಕ ಗುಂಡು) ಬಿಟ್ಟು 0.67 ಗ್ರಾಂ ಹಾಕಿದಾಗ ವೇಗ ಸೆಕೆಂಡಿಗೆ 270 ಮೀಟರ್‌ನಿಂದ 245ಕ್ಕೆ ಇಳಿಯಿತು, ಪಿಸಿಪಿ ರೈಫಲ್‌ನ (ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಹಾರಿಸುವ ರೈಫಲ್) ಹ್ಯಾಮರ್ ಸ್ಪ್ರಿಂಗ್, ಅಂದರೆ ಗಾಳಿಯ ವಾಲ್ವ್ ತೆರೆಯುವ ಸುತ್ತಿಗೆಯನ್ನು ತಳ್ಳುವ ಸ್ಪ್ರಿಂಗ್, ಬಿಗಿ ಮಾಡಲೇ ಅಂತ ಕೇಳಿದ್ದೀರಿ. ಈಗಲೇ ಬೇಡ. ಕೆಜಿಯಲ್ಲಿ ತೂಕವನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿ ನೋಡಿ: ಎರಡರಲ್ಲೂ ಶಕ್ತಿ ಸುಮಾರು 20 ಜೂಲ್. ಏನೂ ಕಳೆದುಹೋಗಿಲ್ಲ, ಅಲ್ವಾ? ಪೆಲೆಟ್ ಸ್ವಲ್ಪ ಜಾಸ್ತಿ ಕೆಳಗೆ ಬೀಳುತ್ತದೆ, ಸ್ಕೋಪ್ ಮತ್ತೆ ಜೀರೋ ಮಾಡಿದರೆ (ಗುರಿ ಇಟ್ಟಲ್ಲೇ ಬೀಳುವಂತೆ ಹೊಂದಿಸಿದರೆ) ಸಾಕು.

ಮೊದಲು ಗುಂಪು ನೋಡಿ, ಅಂದರೆ ಒಂದೇ ಗುರಿಗೆ ಹೊಡೆದ ಪೆಲೆಟ್‌ಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಅಂತ. ಗುಂಪು ಚದುರಿದರೆ ಮಾತ್ರ ಸ್ಪ್ರಿಂಗ್ ಅನ್ನು ಕಾಲು ಸುತ್ತು ಬಿಗಿ ಮಾಡಿ, ಪ್ರತಿ ಸಲವೂ ಕ್ರೋನೋಗ್ರಾಫ್‌ನಲ್ಲಿ (ಪೆಲೆಟ್ ವೇಗ ಅಳೆಯುವ ಸಾಧನ) ವೇಗ ನೋಡಿ ಬರೆದಿಡಿ. ವೇಗ ಏರುವುದು ನಿಂತ ಮೇಲೂ ಬಿಗಿ ಮಾಡಿದರೆ ಸುಮ್ನೆ ಗಾಳಿ ಪೋಲು. ಸ್ಪ್ರಿಂಗ್ ಮುಟ್ಟುವ ಮುಂಚೆ ರೈಫಲ್ ಖಾಲಿ ಇದೆಯಾ ಅಂತ ದಯವಿಟ್ಟು ನೋಡಿಕೊಳ್ಳಿ.